ಬಾಗಿಲಾಚೆಯ ಅಳತೆಗಳು

ಬುಧವಾರ, ಮಧ್ಯಾಹ್ನ ಮೂರೂವರೆ
ಗಂಡಸರ ವಾರ್ಡು, ಎರಡನೇ ಮಹಡಿ

ಪ್ರೀತಿಯ ಅಮ್ಮ,

ಮೊದಲೇ ಒಂದು ಮಾತು. ಈ ಹಾಳೆಗಳ ಹಿಂಬದಿಯನ್ನು ಈಗಲೇ ತಿರುಗಿಸಿ ನೋಡಬೇಡ. ಅಲ್ಲಿ ನನ್ನದೇ ಕೈಬರಹದಲ್ಲಿ ಒಂದಷ್ಟು ಅಂಕಿಗಳಿವೆ. ಬೇರೆ ಕಾಗದ ಸಿಗಲಿಲ್ಲ ಅಂತ ಇದರ ಮೇಲೆ ಬರೆಯುತ್ತಿಲ್ಲ. ಕೆಳಗಿನ ಅಂಗಡಿಯಲ್ಲಿ ಬೇಕಾದಷ್ಟು ನೋಟ್‌ಬುಕ್ಕುಗಳಿವೆ. ಇದರ ಹಿಂದೆಯೇ ಬರೆಯಬೇಕು ಅನ್ನಿಸಿತು. ಯಾಕೆ ಅಂತ ಹೇಳುತ್ತೇನೆ. ಆದರೆ ನಾನು ಸುತ್ತಿ ಬಳಸಿ ಬರುವವಳು, ನಿನಗೆ ಗೊತ್ತಲ್ಲ, ಸ್ವಲ್ಪ ತಾಳ್ಮೆ ಇರಲಿ.

ಅಪ್ಪ ಆಸ್ಪತ್ರೆಯಲ್ಲಿದ್ದಾರೆ. ಬದುಕಿದ್ದಾರೆ. ಈಗ ನನ್ನಿಂದ ಒಂದು ಮಾರು ದೂರದಲ್ಲಿ ಮಲಗಿದ್ದಾರೆ. ಈ ಮೂರು ವಾಕ್ಯ ಮೊದಲೇ ಬರೆದುಬಿಟ್ಟೆ, ಇಲ್ಲದಿದ್ದರೆ ನೀನು ಸೀದಾ ಕೊನೆಯ ಪುಟಕ್ಕೆ ಹಾರುತ್ತೀಯ.

ಹೋದ ತಿಂಗಳು ನೀನು ಫೋನ್ ಮಾಡಿದಾಗೆಲ್ಲ ನಾನು, ಸ್ಟಡಿ ಹಾಲಿಡೇಸ್ ಅಮ್ಮ, ಅಪ್ಪನ ಹತ್ತಿರ ಇದ್ದೀನಿ, ಎಲ್ಲ ಫೈನ್ ಅಂತಿದ್ದೆ. ಹಾಲಿಡೇಸೂ ಇರಲಿಲ್ಲ, ಯಾವುದೂ ಫೈನ್ ಇರಲಿಲ್ಲ. ಫೋನಿನಲ್ಲಿ ಸುಳ್ಳು ನನಗೆ ತುಂಬ ಸಲೀಸು. ಪತ್ರದಲ್ಲೂ ಸಲೀಸಾಗಿಯೇ ಇತ್ತು ಅನ್ನು. ಹಾಸ್ಟೆಲಿನಲ್ಲಿ ಏಳು ವರ್ಷ ಪ್ರತಿ ಭಾನುವಾರ ಬರೆದ ಪತ್ರಗಳು ನೆನಪಿವೆಯಾ? ಮೊದಲ ಸಾಲು ಆರೋಗ್ಯ, ಎರಡನೇ ಸಾಲು ಮಾರ್ಕ್ಸ್, ಮೂರನೆಯದು ಹವಾಮಾನ. ವಾರ್ಡನ್ ಓದಿ ನೋಡಿಯೇ ಕವರು ಅಂಟಿಸುತ್ತಿದ್ದರು. ಅತ್ತುಕೊಂಡು ಬರೆದ ಪತ್ರ ಪೋಸ್ಟಿಗೆ ಹೋಗುತ್ತಿರಲಿಲ್ಲ. ಇದು ನಡುವೆ ಯಾರೂ ಓದದೆ ನಿನ್ನ ಕೈಗೆ ಬರುತ್ತಿರುವ ನನ್ನ ಮೊದಲ ಪತ್ರ. ಕನ್ನಡ ಅಲ್ಲಲ್ಲಿ ಎಡವಿದರೆ ಬೈಬೇಡ. ಒತ್ತಕ್ಷರಗಳನ್ನು ಮಾತ್ರ ಎರಡೆರಡು ಸಲ ನೋಡಿದ್ದೇನೆ.

ವಿಷಯಕ್ಕೆ ಬರುತ್ತೇನೆ.

ಅಪ್ಪನಿಗೆ ಒಂದು ವರ್ಷದಿಂದ ಮೂತ್ರ ಸರಿಯಾಗಿ ಹೋಗುತ್ತಿರಲಿಲ್ಲವಂತೆ. ಯಾರಿಗೂ ಹೇಳಿಲ್ಲ. ಹೊಲಿಗೆ ಅಂಗಡಿಯಲ್ಲಿ ಗುಂಡಿಗಳಿಗೆ ಕಾಜಾ ಹಾಕುವ ಅಕ್ಕ ಇದ್ದಾರಲ್ಲ, ನಿನ್ನ ಕಾಲದವರೇ, ಅವರೇ ಕಂಡುಹಿಡಿದದ್ದು. 'ಒಂದು ಪ್ಯಾಂಟಿನ ಕಾಲು ಹೊಲಿಯೋದ್ರೊಳಗೆ ಮೂರು ಸಲ ಹಿತ್ತಿಲಿಗೆ ಹೋಗಿ ಬರ್ತಾರೆ, ಬಂದ ಮೇಲೂ ಹೋಗಿ ಬಂದ ಮುಖ ಇರಲ್ಲ' ಅಂತ ನನಗೆ ಫೋನ್ ಮಾಡಿದರು. ಪ್ರಾಸ್ಟೇಟ್ ಅನ್ನುವ ಗ್ರಂಥಿ ಊದಿ ದಾರಿ ಒತ್ತಿಹಿಡಿದಿತ್ತು. ಕ್ಯಾನ್ಸರ್ ಅಲ್ಲ ಅಮ್ಮ, ಅದನ್ನೂ ನೋಡಿದ್ದಾರೆ. ಮೂತ್ರದ ದಾರಿಯಿಂದಲೇ ಒಳಗೆ ಹೋಗಿ ಕೆರೆದು ತೆಗೆದರು. ಹೊರಗಡೆ ಒಂದು ಹೊಲಿಗೆಯೂ ಇಲ್ಲ. ಅಪ್ಪನಿಗೆ ಅದೇ ಆಶ್ಚರ್ಯ. ಹೊಲಿಗೆ ಇಲ್ಲದೆ ಎಂಥ ಕೆಲಸ ಅಂದರು.

ನಾಲ್ಕನೇ ದಿನ ಪೈಪು ತೆಗೆದು ನೋಡಿದರು. ಮೂತ್ರ ಬರಲೇ ಇಲ್ಲ. ಹೊಟ್ಟೆ ಊದಿ ಬೆವರು ಬಂತು. ಮತ್ತೆ ಪೈಪು ಹಾಕಿದರು. ಕ್ಯಾತಿಟರ್ ಅಂತಾರೆ. ಒಳಗಿನ ತುದಿಯಲ್ಲಿ ಪುಟ್ಟ ಬಲೂನು ಉಬ್ಬಿಸಿರುತ್ತಾರೆ, ಜಾರದಿರಲಿ ಅಂತ. ಹೊರಗಿನ ತುದಿಗೆ ಒಂದು ಚೀಲ. ಎರಡು ವಾರ ಹೀಗೇ ಇರಲಿ, ಆಮೇಲೆ ತೆಗೆದು ನೋಡೋಣ ಅಂತ ಮನೆಗೆ ಕಳಿಸಿದರು. ದಪ್ಪ ಕನ್ನಡಕದ ನರ್ಸಮ್ಮ ನನ್ನನ್ನು ಪಕ್ಕಕ್ಕೆ ಕರೆದು ಬೆರಳು ಮಡಚಿ ಹೇಳಿದರು: ದಿನಕ್ಕೆ ಮೂರು ಲೀಟರ್ ನೀರು ಕುಡಿಸಬೇಕು. ಚೀಲ ಯಾವಾಗಲೂ ಸೊಂಟದಿಂದ ಕೆಳಗೇ ಇರಬೇಕು. ಪೈಪು ಮಡಚಬಾರದು. ಚೀಲ ಖಾಲಿ ಮಾಡುವಾಗ ಪ್ರತಿ ಸಲ ಜಗ್ಗಿನಲ್ಲಿ ಅಳೆದು, ಬಣ್ಣ ನೋಡಿ, ಚಾರ್ಟಿನಲ್ಲಿ ಬರೆಯಬೇಕು. 'ನೀನು ಓದಿದ ಹುಡುಗಿ, ಚಾರ್ಟ್ ನೀನೇ ಬರಿ. ಅಪ್ಪನ ಮಾತು ನಂಬ್ಕೋಬೇಡ. ಗಂಡಸ್ರು ಇದರಲ್ಲಿ ನಾಚ್ಕೊಂಡು ಸುಳ್ಳು ಹೇಳ್ತಾರೆ' ಅಂದರು. ಅಷ್ಟು ಸ್ಪಷ್ಟವಾಗಿ ಹೇಳಿದ್ದರು ಅಮ್ಮ. ಪೈಪಿನ ಬಗ್ಗೆ, ನೀರಿನ ಬಗ್ಗೆ, ಅಪ್ಪನ ಬಗ್ಗೆ ಎಲ್ಲ.

ಆ ಚಾರ್ಟೇ ಈ ಹಾಳೆಗಳ ಹಿಂಬದಿ. ದಿನಕ್ಕೊಂದು ಹಾಳೆ, ಹನ್ನೊಂದು ದಿನ. ಇನ್ನೂ ತಿರುಗಿಸಬೇಡ.

ನಿನಗೆ ಹೇಳುತ್ತೇನೆ ಅಂದಾಗ ಅಪ್ಪ ಬೇಡ ಅಂದರು. 'ಅವಳಿಗೆ ಅಲ್ಲೇ ಸಾಕಷ್ಟಿದೆ, ಐನೂರು ಜನರ ಅಡುಗೆ' ಅಂದು ಗೋಡೆ ಕಡೆ ತಿರುಗಿದರು. ನೀನು ಮನೆ ಬಿಟ್ಟು ಆ ಕ್ಯಾಂಟೀನಿನ ಕೆಲಸಕ್ಕೆ ಹೋಗಿ ನಾಲ್ಕು ವರ್ಷವಾಯಿತು. ಅಪ್ಪ ನಿನ್ನ ಬಗ್ಗೆ ಅಷ್ಟುದ್ದ ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು. ನೀನು ಹೇಳುತ್ತಿದ್ದೆಯಲ್ಲ, ನಿಮ್ಮಪ್ಪನಿಗೆ ದೇವರು ಬಾಯಿ ಕೊಟ್ಟಿದ್ದು ಸೂಜಿ ಕಚ್ಚಿ ಹಿಡಿಯೋಕೆ ಅಂತ. ನಾನು ಆಗ ನಗುತ್ತಿದ್ದೆ.

ಮನೆಗೆ ಬಂದ ಮೊದಲ ದಿನ ಮಧ್ಯಾಹ್ನ ನಾನೇ ಚೀಲ ಖಾಲಿ ಮಾಡಲು ಹೋದೆ. ಆ ಒಂದೇ ಸಲ. ಏನಾಯಿತು ಅಂತ ಮುಂದೆ ಬರೆಯುತ್ತೇನೆ. ಈಗ ಬರೆಯಲು ಹೋದರೆ ಪತ್ರ ಇಲ್ಲೇ ನಿಂತುಬಿಡುತ್ತದೆ. ಅದಾದ ಮೇಲೆ ಅಪ್ಪ, ನಾನೇ ಮಾಡ್ಕೋತೀನಿ, ನೀನು ಬರ್ಕೊ ಸಾಕು ಅಂದರು.

ಅವತ್ತಿನಿಂದ ಒಂದು ಪದ್ಧತಿ ಆಯಿತು. ಅಪ್ಪ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದರು. ನಾನು ಬಾಗಿಲಾಚೆ ಚಾರ್ಟು ಹಿಡಿದು ನಿಲ್ಲುತ್ತಿದ್ದೆ. ನೀರು ಸುರಿದ ಸದ್ದು ಕೇಳುತ್ತಿತ್ತು. ಆಮೇಲೆ ಒಳಗಿನಿಂದ, ಗಿರಾಕಿಯ ಅಳತೆ ಹೇಳುವ ಅದೇ ದನಿಯಲ್ಲಿ, 'ನಾನೂರು' ಅನ್ನುತ್ತಿದ್ದರು. ನಾನು ಬರೆಯುತ್ತಿದ್ದೆ. ಮುಂದಿನ ಸಲ 'ನೂರಾ ನಲವತ್ತು'. ಆಮೇಲೆ 'ಮುನ್ನೂರ ಅರವತ್ತು', 'ಮುನ್ನೂರು', 'ಮುನ್ನೂರ ಎಂಬತ್ತು'. ದಿನಕ್ಕೆ ಐದು ಸಲ. ಎಷ್ಟು ಲೋಟ ನೀರು ಕುಡಿದಿರಿ ಅಂದರೆ ಹನ್ನೆರಡು ಅನ್ನುತ್ತಿದ್ದರು. ಅದನ್ನೂ ಬರೆಯುತ್ತಿದ್ದೆ. ಬಣ್ಣ ಅವರು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಆ ಜಾಗದಲ್ಲಿ 'ತಿಳಿ ಹಳದಿ' ಅಂತ ನಾನೇ ತುಂಬಿದೆ. ಹನ್ನೊಂದು ದಿನ, ದಿನಕ್ಕೆ ಐದು ಸಲ. ಅಂಕಿ ಅಪ್ಪನ ಸುಳ್ಳು, ಬಣ್ಣ ನನ್ನದು.

ನಾನು ಓದುತ್ತಿರುವುದು ಸ್ಟ್ಯಾಟಿಸ್ಟಿಕ್ಸ್. ನಗಬೇಡ. ಮೊದಲ ವಾರದ ಕ್ಲಾಸಿನಲ್ಲೇ ನಮ್ಮ ಮೇಡಂ ಹೇಳಿದ್ದರು, ನಿಜವಾದ ಅಂಕಿಗಳು ಗಲೀಜಾಗಿರುತ್ತವೆ, ತಲೆ ಬಾಚಿಕೊಂಡು ಸಾಲಾಗಿ ನಿಂತ ಅಂಕಿ ಕಂಡರೆ ಅನುಮಾನ ಪಡಿ ಅಂತ. ಅದನ್ನು ನೋಟ್ಸಿನಲ್ಲಿ ಬರೆದು ಎರಡು ಗೆರೆ ಎಳೆದಿದ್ದೇನೆ. ಮನೆಯಲ್ಲಿ ಐದು ಅಂಕಿ ದಿನಾ ಅದೇ ಕ್ರಮದಲ್ಲಿ ನನ್ನ ಕೈಯಿಂದಲೇ ಕಾಗದಕ್ಕೆ ಇಳಿಯುತ್ತಿದ್ದವು. ಕಾಣಲಿಲ್ಲವಾ ಅಂತ ನೀನು ಕೇಳುತ್ತೀಯ. ಮೂರನೇ ದಿನವೇ ಕಂಡಿತ್ತು. ಕಂಡದ್ದನ್ನು ನೋಡಲಿಲ್ಲ, ಅಷ್ಟೇ. ನೋಡಿದರೆ ಒಳಗೆ ಹೋಗಬೇಕಾಗುತ್ತಿತ್ತು.

ಹಾಸ್ಟೆಲಿನ ಸಿಕ್ ರೂಮ್ ಬಗ್ಗೆ ನಿನಗೆ ಬರೆದೇ ಇಲ್ಲ. ಕಾರಿಡಾರಿನ ಕೊನೆಯಲ್ಲಿತ್ತು. ಯಾರಿಗೆ ಏನೇ ಬಂದರೂ ಅಲ್ಲಿಗೆ. ನಮ್ಮ ಸರದಿ ಬಂದಾಗ ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು, ಬಾಗಿಲು ಬಡಿದು, ಮೂರು ಹೆಜ್ಜೆ ಹಿಂದೆ ಸರಿದು, ಕೈ ತೊಳೆಯಬೇಕು. ಒಳಗಿರುವವಳು ಪ್ರಾಣಸ್ನೇಹಿತೆಯೇ ಆದರೂ ಅಷ್ಟೆ. ಬಾಗಿಲಾಚೆಯಿಂದ ಹೇಗಿದ್ದೀಯ ಅಂದರೆ ಫೈನ್ ಅಂತ ಉತ್ತರ ಬರಬೇಕು. ಅದು ರೂಲು. ಕಾಯಿಲೆಯವರನ್ನು ನೋಡಿಕೊಳ್ಳುವುದು ಅಂದರೆ ಹಾಗೆಯೇ ಅಂತ ನಾನು ಕಲಿತದ್ದು. ನೆಪ ಹೇಳುತ್ತಿಲ್ಲ. ಹೇಳುತ್ತಿರಬಹುದು, ನನಗೇ ಗೊತ್ತಾಗುತ್ತಿಲ್ಲ.

ಶಾಲೆಗಳು ಶುರುವಾಗುವ ಕಾಲ. ಯೂನಿಫಾರ್ಮಿನ ರಾಶಿ. ಅಂಗಡಿ ಮುಚ್ಚಿ ಅಂದರೆ ಅಪ್ಪ ಕೇಳಲಿಲ್ಲ. ಆದರೆ ಕಾಲಿಗೆ ಚೀಲ ತೂಗಿಸಿಕೊಂಡು ಮಕ್ಕಳ ಅಳತೆ ತೆಗೆಯುವುದು ಹೇಗೆ? ಎರಡನೇ ದಿನ ಬೆಳಿಗ್ಗೆ ಕೂತು ತಮ್ಮ ದೊಗಲೆ ಪ್ಯಾಂಟಿನ ಒಳಗೊಂದು ಜೇಬು ಹೊಲಿದುಕೊಂಡರು. ಎಷ್ಟು ಚೆನ್ನಾಗಿತ್ತು ಗೊತ್ತಾ! ಮೆತ್ತನೆಯ ಅಸ್ತರು, ಮೇಲೆ ಮುಚ್ಚಳ, ಪೈಪು ಹೋಗಲು ಕಾಜಾ. ಹೊರಗಿನಿಂದ ಒಂದು ಸುಕ್ಕೂ ಕಾಣದು. ಕಾಜಾ ಅಕ್ಕ ನೋಡಿ, 'ಏನ್ರೀ ಮಾಸ್ಟ್ರೇ, ರಾಜರ ಖಜಾನೆ ಇದ್ದಂಗಿದೆ. ಒಳಗಿರೋದು ಏನು ಅಂತ ಗೊತ್ತಾದ್ರೆ ಕಳ್ಳ ಅತ್ಕೊಂಡು ಹೋಗ್ತಾನೆ' ಅಂದರು. ಅಪ್ಪ ನಕ್ಕರು. ನಾನೂ ನಕ್ಕೆ. ಜೇಬು ಸೊಂಟದ ಪಟ್ಟಿಗೆ ಅಂಟಿಕೊಂಡೇ ಇತ್ತು. ಚೀಲ ಸೊಂಟದಿಂದ ಕೆಳಗಿರಬೇಕು ಅಂತ ಬೆರಳು ಮಡಚಿ ಹೇಳಿಸಿಕೊಂಡವಳು ನಾನು. ಪೈಪು ಮೇಲಕ್ಕೆ ಹತ್ತಿ ಕಾಜಾದ ಹತ್ತಿರ ಬಾಗುತ್ತಿತ್ತು. ಮೂತ್ರ ಬೆಟ್ಟ ಹತ್ತುತ್ತದೆಯೇ?

ಆರನೇ ದಿನ ಅಪ್ಪ ಕತ್ತರಿಸುವ ಮೇಜಿನ ಅಂಚು ಹಿಡಿದು, ಕಣ್ಣು ಮುಚ್ಚಿ ಸುಮಾರು ಹೊತ್ತು ನಿಂತದ್ದು ಕಂಡೆ. ಹೊಟ್ಟೆ ಹಿಂಡುತ್ತಾ ಅಂದರೆ ಇಲ್ಲ ಅಂದರು. ಪ್ಯಾಂಟಿನ ಮುಂದೆ ಒದ್ದೆ ಇತ್ತು. ಇಸ್ತ್ರಿಗೆ ಚಿಮುಕಿಸುವ ನೀರು ಚೆಲ್ಲಿತು ಅಂದರು. ನಾನು ಹೆದರಿ ವಾರ್ಡಿಗೆ ಫೋನ್ ಮಾಡಿದೆ. ಬೇರೆ ಯಾರೋ ನರ್ಸ್ ಎತ್ತಿದರು. ಚಾರ್ಟ್ ಓದಿ ಅಂದರು, ಓದಿದೆ. ಬಣ್ಣ ಅಂದರು, ತಿಳಿ ಹಳದಿ ಅಂದೆ. 'ದಿನಕ್ಕೆ ಒಂದೂವರೆ ಲೀಟರಿಗಿಂತ ಜಾಸ್ತಿನೇ ಬರ್ತಿದೆಯಲ್ಲಮ್ಮ, ಬಣ್ಣನೂ ಚೆನ್ನಾಗಿದೆ. ಪೈಪ್ ಇದ್ದಾಗ ಸ್ವಲ್ಪ ಸೆಳೆತ ಇರುತ್ತೆ, ಗಾಬರಿ ಬೇಡ' ಅಂದರು. ನನಗೆ ಎಷ್ಟು ಸಮಾಧಾನ ಆಯಿತು ಅಂದರೆ ಒಳಗೆ ಹೋಗಿ ಅಪ್ಪನಿಗೇ ಹೇಳಿದೆ, ಎಲ್ಲ ನಾರ್ಮಲ್ ಅಂತೆ ಅಪ್ಪ ಅಂತ. ಅಪ್ಪ ನನ್ನ ಮುಖ ನೋಡಿ, 'ಹೌದಾ? ಒಳ್ಳೇದಾಯ್ತು' ಅಂದರು. ತಾವೇ ಕಟ್ಟಿ ಹೇಳಿದ ಅಂಕಿಗೆ ಸಿಕ್ಕಿದ ಉತ್ತರ ಅದು. ನಮ್ಮಿಬ್ಬರ ನಡುವೆ ಅಷ್ಟು ಮರ್ಯಾದೆ ಇತ್ತು ಅಮ್ಮ.

ಹನ್ನೊಂದನೇ ದಿನ ಮಧ್ಯಾಹ್ನ ನಾನು ಒಳಕೋಣೆಯಲ್ಲಿ ಲೆಕ್ಕ ಮಾಡುತ್ತಿದ್ದೆ. ಮೆಷಿನ್ ಸದ್ದು ನಿಂತಿತು. ಅದು ನಿಲ್ಲುವುದು, ಶುರುವಾಗುವುದು ಇದ್ದದ್ದೇ, ತಲೆ ಎತ್ತಲಿಲ್ಲ. ಆಮೇಲೆ ಬೇರೆ ಸದ್ದು ಬಂತು, ಗುಂಡಿಯ ಡಬ್ಬಿ ಯಾರೋ ಅಲ್ಲಾಡಿಸುವ ಹಾಗೆ. ಹೋಗಿ ನೋಡಿದರೆ ಅಪ್ಪನ ಹಲ್ಲು. ಇಪ್ಪತ್ತು ಯೂನಿಫಾರ್ಮು ಮೈಮೇಲೆ ಹೊದ್ದು ಸ್ಟೂಲಿನ ಮೇಲೆ ಕೂತು ನಡುಗುತ್ತಿದ್ದರು. ತುಟಿ ನೀಲಿ, ಹಣೆ ಕೆಂಡ. ಸ್ಟೂಲಿನ ಕೆಳಗೆ ಒದ್ದೆ. ಚೀಲ ಮುಟ್ಟಿದೆ. ಬಂದ ದಿನದ ನಂತರ ಮೊದಲ ಸಲ ಮುಟ್ಟಿದೆ. ಖಾಲಿ ಇತ್ತು. ತಳದಲ್ಲಿ ನಾಲ್ಕು ಚಮಚದಷ್ಟು, ಕಂದು ಬಣ್ಣದ್ದು. ಅಪ್ಪ ನನ್ನ ಕೈ ಪಕ್ಕಕ್ಕೆ ಸರಿಸಿದರು. 'ಏನಿಲ್ಲ ಕಣೇ ಗುಂಡಿ, ಚಳಿ. ಮುನ್ನೂರು ಅಂತ ಬರ್ಕೊ' ಅಂದರು.

ಹನ್ನೊಂದನೇ ಹಾಳೆ ಮೂರನೇ ಸಾಲಿಗೇ ನಿಂತಿದೆ, ನಾಲ್ಕನೆಯದು ಖಾಲಿ. ಅದೇ ಆ ಮುನ್ನೂರು. ಅದೊಂದನ್ನು ನಾನು ಬರೆಯಲಿಲ್ಲ.

ಕಾಜಾ ಅಕ್ಕ ಮತ್ತು ಎದುರಂಗಡಿಯ ಗಡಿಯಾರ ರಿಪೇರಿಯವರು ಸೇರಿ ಕಾರಿಗೆ ಎತ್ತಿದರು. ಆಸ್ಪತ್ರೆಯಲ್ಲಿ ಕನ್ನಡಕದ ನರ್ಸಮ್ಮನೇ ಇದ್ದರು. ದೊಡ್ಡ ಸಿರಿಂಜಿನಲ್ಲಿ ನೀರು ನೂಕಿ ನೋಡಿದರು, ಪೈಪು ಬಿಗಿದುಕೊಂಡಿತ್ತು. ಹೆಪ್ಪುಗಟ್ಟಿದ ರಕ್ತದ ಚೂರು, ಗಸಿ ಎಲ್ಲ ಸೇರಿ ಕಟ್ಟಿಕೊಂಡಿತ್ತಂತೆ. ಪೈಪು ಬದಲಾಯಿಸಿದ ಕೂಡಲೇ ಒಂದೇ ಸಲಕ್ಕೆ ಒಂಬೈನೂರು ಬಂತು. ಅದರ ವಾಸನೆ, ಬಣ್ಣ ಬರೆಯುವುದಿಲ್ಲ. ದಾರಿ ಇಲ್ಲದೆ ಅದು ಮೇಲಕ್ಕೆ, ಕಿಡ್ನಿಗಳಿಗೆ ಒತ್ತಿತ್ತು. ಸೋಂಕು ರಕ್ತಕ್ಕೆ ಇಳಿದಿತ್ತು. ಡಾಕ್ಟರು ಚಾರ್ಟು ಕೇಳಿದರು. ಕೊಟ್ಟೆ. ಒಂದೊಂದೇ ಹಾಳೆ ತಿರುಗಿಸಿದರು. 'ಇದರ ಪ್ರಕಾರ ನಿಮ್ಮ ತಂದೆಗೆ ಏನೂ ಆಗಿಲ್ಲ' ಅಂದರು. ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನರ್ಸಮ್ಮ ಇಣುಕಿ ನೋಡಿ, 'ದಿನಾ ಎರಡನೇ ಸಲ ನೂರಾ ನಲವತ್ತೇನಾ? ನಿಮ್ಮಪ್ಪನ ಮೂತ್ರಕೋಶ ಟೈಮ್‌ಟೇಬಲ್ ಹಾಕ್ಕೊಂಡಿದೆಯಾ?' ಅಂದರು.

ಐದು ದಿನ ಐಸಿಯು. ಬಾಗಿಲಾಚೆ ಬೆಂಚಿನ ಮೇಲೆ ನಾನು. ಆ ಬಾಗಿಲು ತೆಗೆದು ಒಳಗೆ ಹೋಗಬೇಕು ಅಂತ ಎಷ್ಟು ಅನ್ನಿಸಿದರೂ ಈಗ ಅವರು ಬಿಡಲಿಲ್ಲ.

ಆ ಬೆಂಚಿನ ಮೇಲೆಯೇ ಕಾಜಾ ಅಕ್ಕ ಬಾಯಿಬಿಟ್ಟದ್ದು. ಮೊದಲು ಜೇಬಿನ ವಿಷಯ. 'ಆ ಕಾಜಾ ನಾನೇ ಹಾಕಿದ್ದು ಕಣೇ, ಇಷ್ಟು ವರ್ಷ ಹಾಕಿದ್ರಲ್ಲಿ ಅಷ್ಟು ನಾಜೂಕಾಗಿ ಯಾವ್ದನ್ನೂ ಹಾಕಿಲ್ಲ, ನನ್ನ ಕೈಗಿಷ್ಟು' ಅಂತ ಅತ್ತರು. ಆಮೇಲೆ ನೀರಿನ ವಿಷಯ. ಹನ್ನೆರಡು ಲೋಟ ಎಲ್ಲಿಂದ? ಎರಡೂ ಕುಡಿಯುತ್ತಿರಲಿಲ್ಲವಂತೆ. ನಾನು ಮೇಜಿನ ಮೇಲಿಟ್ಟು ಹೋದ ನೀರನ್ನೆಲ್ಲ ಇಸ್ತ್ರಿಗೆ ಚಿಮುಕಿಸುವ ಬಾಟಲಿಗೆ ಸುರಿದುಕೊಳ್ಳುತ್ತಿದ್ದರಂತೆ. ಅಕ್ಕ ಕೇಳಿದ್ದಕ್ಕೆ, 'ಒಳಗೆ ಹೋದ್ರೆ ತಾನೇ ಹೊರಗೆ ಬರೋದು? ಆ ಹುಡುಗಿ ಎಷ್ಟು ಸಲ ಬಾಗಿಲ ಹತ್ರ ಬಂದು ನಿಂತ್ಕೋಬೇಕು' ಅಂದರಂತೆ.

ಆಮೇಲೆ ಅಕ್ಕ ಕೇಳಿದರು, ಡಿಸ್ಗಸ್ಟಿಂಗ್ ಅಂದ್ರೆ ಏನೇ ಅಂತ.

ಅಮ್ಮ, ಇದೇ ಆ ಮೊದಲ ದಿನದ ವಿಷಯ. ಚೀಲದ ಕೆಳಗೆ ಒಂದು ಪುಟ್ಟ ಬಿರಟೆ ಇರುತ್ತದೆ. ನಾನು ಅದನ್ನು ತಪ್ಪು ಕಡೆಗೆ ತಿರುಗಿಸಿದೆ. ಜಗ್ಗು ತಪ್ಪಿ ನನ್ನ ಕೈಮೇಲೆ, ತೋಳಿನ ಮೇಲೆ ಚಿಮ್ಮಿತು. ಬೆಚ್ಚಗಿತ್ತು. ರಕ್ತ ಬೆರೆತಿತ್ತು. ನಾನು ಜಗ್ಗು ಬಿಟ್ಟು ಹಾರಿ ಹಿಂದೆ ಬಂದೆ. ಬಾಯಿಗೆ ಬಂದದ್ದು ಆ ಮಾತು, ಒಂದು ಸಲ ಅಲ್ಲ, ಎರಡು ಸಲ. ಆಮೇಲೆ ಮೊಣಕೈವರೆಗೆ ಸೋಪು ಹಚ್ಚಿ ಮೂರು ಸಲ ತೊಳೆದೆ, ಅಪ್ಪನ ಕಣ್ಣೆದುರಿಗೇ. ಅಪ್ಪನಿಗೆ ಇಂಗ್ಲಿಷ್ ಬರಲ್ಲವಲ್ಲ ಅಂದುಕೊಂಡೆ. ಕನ್ನಡದಲ್ಲಿ ಛೀ ಅಂದಿದ್ದರೆ ತಪ್ಪು, ಇಂಗ್ಲಿಷಿನಲ್ಲಿ ಅಂದರೆ ಅಂದಂತಲ್ಲ, ಹಾಗೆ. ಮಾರನೇ ದಿನ ಅಪ್ಪ ಯೂನಿಫಾರ್ಮಿನ ಅಳತೆ ಕೊಡಲು ಬಂದ ಆರನೇ ಕ್ಲಾಸಿನ ಹುಡುಗಿಯನ್ನು ಕೇಳಿದ್ದಾರೆ, ಪಾಪು, ಈ ಮಾತಿಗೆ ಏನರ್ಥ ಅಂತ. ಅವಳು ಮೂಗು ಮುಚ್ಚಿ ತೋರಿಸಿದಳಂತೆ. ಅಪ್ಪ ಅವಳ ತೋಳಿನ ಅಳತೆ ಬರೆದುಕೊಂಡರಂತೆ. ಆ ಹೊತ್ತಿನಲ್ಲಿ ಆ ಜೇಬು ಇನ್ನೂ ಅರ್ಧ ಹೊಲಿದದ್ದು ಮೆಷಿನ್ ಮೇಲಿತ್ತು.

ಬರೆದೆ.

ನಾನು ಕೆಟ್ಟವಳಲ್ಲ ಅಂತ ನೀನು ಉತ್ತರ ಬರೆಯುತ್ತೀಯ. ಬರೆಯಬೇಡ. ಬಚ್ಚಲ ಚಿಲಕ ಹಾಕಿದ ಸದ್ದು ಪ್ರತಿ ಸಲ ಕೇಳಿದಾಗ ನನಗೆ ಏನನ್ನಿಸುತ್ತಿತ್ತು ಗೊತ್ತಾ? ನಿರಾಳ. ಅದು ನಿನಗೆ ಗೊತ್ತಿರಲಿ.

ಈಗಿನ ಪರಿಸ್ಥಿತಿ. ಜ್ವರ ಇಳಿದಿದೆ. ಎಡಗಡೆಯ ಕಿಡ್ನಿ ಹೆಚ್ಚು ಕಡಿಮೆ ಹೋದ ಹಾಗೆಯೇ. ಬಲಗಡೆಯದು ಅರ್ಧ. ಶುಕ್ರವಾರ ಮನೆಗೆ ಕಳಿಸುತ್ತಾರೆ, ಪೈಪಿನ ಸಮೇತ. ಆರು ವಾರ, ಆಮೇಲೆ ನೋಡೋಣ ಅಂದಿದ್ದಾರೆ, ಕೊನೆಯವರೆಗೂ ಇರಬಹುದು ಅಂತಲೂ ಅಂದಿದ್ದಾರೆ. ದಿನಕ್ಕೆ ಎಷ್ಟು ನೀರು ಅಂತ ಡಾಕ್ಟರು ಈಗ ಬರೆದೇ ಕೊಟ್ಟಿದ್ದಾರೆ, ಎರಡೂವರೆ ಲೀಟರ್. ಇನ್ನೊಂದು ಸಲ ಕಟ್ಟಿಕೊಂಡರೆ ಆ ಅರ್ಧವೂ ಉಳಿಯುವುದಿಲ್ಲ. ಆದರೆ ಅಪ್ಪ ಕುಡಿಯುತ್ತಿಲ್ಲ ಅಮ್ಮ. ನರ್ಸು ಕೊಟ್ಟರೆ ಎರಡು ಗುಟುಕು. ನಾನು ಲೋಟ ಹಿಡಿದು ಹೋದರೆ, ಆಮೇಲೆ, ಅಲ್ಲಿಡು, ಅನ್ನುತ್ತಾರೆ. ಹೋಗಿ ಬರುವುದರೊಳಗೆ ಕಿಟಕಿಯ ಕೆಳಗಿನ ಗೋಡೆ ಒದ್ದೆ. ಪರೀಕ್ಷೆ ಹತ್ತಿರ ಬಂತು, ನೀನು ಹಾಸ್ಟೆಲಿಗೆ ಹೋಗು, ಕಾಜಾ ಅಕ್ಕ ನೋಡ್ಕೋತಾಳೆ ಅಂತಾರೆ. ಅಪ್ಪ ಅಕ್ಕನಿಗೆ ಇದನ್ನು ಖಂಡಿತ ಮುಟ್ಟಲು ಬಿಡುವುದಿಲ್ಲ. ಮತ್ತೆ ಚಿಲಕ, ಮತ್ತೆ ಅಂಕಿ.

ಇವತ್ತು ಬೆಳಿಗ್ಗೆ ಧೈರ್ಯ ಮಾಡಿದೆ. ಪಕ್ಕದ ಹಾಸಿಗೆಯವರು ಎಕ್ಸ್‌ರೇಗೆ ಹೋಗಿದ್ದರು. ಅಪ್ಪ, ಅವತ್ತು ನಾನು ಅಂದದ್ದು... ಅಂತ ಶುರುಮಾಡಿದೆ. ಅಪ್ಪ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ:

'ನೀನು ಹುಟ್ಟಿದಾಗ ನಾನು ಒಂದ್ ದಿನನೂ ನಿನ್ನ ಹೊಲಸು ಬಟ್ಟೆ ಬದಲಾಯಿಸಿಲ್ಲ. ಎಲ್ಲ ನಿಮ್ಮಮ್ಮನೇ. ನಂಗೆ ಹೇಸಿಗೆ ಆಗ್ತಿತ್ತು. ಬಾಗಿಲ ಹತ್ರ ನಿಂತ್ಕೊಂಡು, ಮೂಗು ಮುಚ್ಕೊಂಡು, ಒಣಗಿದ್ ಬಟ್ಟೆ ಒಳಗೆ ಎಸೀತಿದ್ದೆ. ಬಟ್ಟೆ ಮಾತ್ರ ಚೆನ್ನಾಗಿ ಹೊಲಿದುಕೊಟ್ಟಿದ್ದೆ. ಅವಳು ಒಂದ್ ಸಲ, ಒಳಗೆ ಬಾರೋ ಮಾರಾಯ, ಮಗು ಕಚ್ಚಲ್ಲ, ಅಂದ್ಲು. ನಾನು ಹೋಗ್ಲಿಲ್ಲ.' ಅಷ್ಟು ಹೇಳಿ ಉಸಿರು ತೆಗೆದುಕೊಂಡು, 'ಹೋಗ್ಬೇಕಾಗಿತ್ತು' ಅಂದರು.

ನಾನು ಮಂಚದ ಕೆಳಗಿಂದ ಜಗ್ಗು ತೆಗೆದೆ. ಅಪ್ಪ ಬೇಡ ಅಂತ ಕೈ ಮುಂದೆ ಮಾಡಿದರು, ತಡೆಯುವಷ್ಟು ಶಕ್ತಿ ಇರಲಿಲ್ಲ. ಬಿರಟೆಯನ್ನು ಸರಿಯಾದ ಕಡೆಗೇ ತಿರುಗಿಸಿದೆ. ಅಪ್ಪ ಕಣ್ಣು ಮುಚ್ಚಿಕೊಂಡು, ಮುಖ ಗೋಡೆ ಕಡೆ ಮಾಡಿ, ಅದು ಬೀಳುವ ಸದ್ದು ನಿಲ್ಲುವವರೆಗೂ ಹಾಸಿಗೆಯ ಅಂಚು ಹಿಡಿದಿದ್ದರು. ಅವರ ಕಣ್ಣಿಂದಲೂ ನೀರು ಬರುತ್ತಿತ್ತು. ಆಮೇಲೆ ನನಗೊಂದು ಲೋಟ, ಅವರಿಗೊಂದು ಲೋಟ ನೀರು ತಂದೆ. ನಾನು ನನ್ನದು ಪೂರ್ತಿ ಕುಡಿದೆ. ಅವರು ಅರ್ಧ ಕುಡಿದರು. ಎರಡೂವರೆ ಲೀಟರಿನಲ್ಲಿ ಅರ್ಧ ಲೋಟ.

ಹಾಗಾಗಿ ಕೇಳುತ್ತಿದ್ದೇನೆ. ಬಾ ಅಂತ ಕೇಳುವ ಹಕ್ಕು ನನಗಿಲ್ಲ. ಅಪ್ಪನೂ ಕೇಳುವುದಿಲ್ಲ, ಅವರಿಗೆ ಅದು ಬರುವುದಿಲ್ಲ. ಒಂದು ಚೀಟಿ ಬರಿ, ನೀರು ಕುಡಿಯಿರಿ ಅಂತ, ನಿನ್ನ ಕೈಬರಹದಲ್ಲಿ. ಬೈದು ಬರಿ. ಐನೂರು ಜನಕ್ಕೆ ಬಡಿಸುವವಳ ಮಾತು ಅವರು ಮೀರಲಾರರು. ನಾನು ಅದನ್ನು ಲೋಟದ ಕೆಳಗೆ ಇಡುತ್ತೇನೆ. ಕಾಲೇಜಿಗೆ ರಜೆ ಬರೆದಿದ್ದೇನೆ. ಪರೀಕ್ಷೆ ಮುಂದಿನ ಸಲ ಬರೆದರಾಯಿತು, ಅದರ ಬಗ್ಗೆ ದಯವಿಟ್ಟು ಈಗ ಬೈಬೇಡ.

ಅಪ್ಪ ಎದ್ದ ಹಾಗಿದೆ.

ನಿನ್ನ
ಗುಂಡಿ

ವಿ.ಸೂ.: ಕವರು ಅಂಟಿಸಿಯಾಗಿತ್ತು. ಮತ್ತೆ ಹರಿದು ಬರೆಯುತ್ತಿದ್ದೇನೆ. ಸಂಜೆ ಅಪ್ಪನ ಬಟ್ಟೆ ತರಲು ಮನೆಗೆ ಹೋಗಿದ್ದೆ. ಬಾಕಿ ಇದ್ದ ಯೂನಿಫಾರ್ಮಿಗೆ ಅಳತೆ ಬೇಕು, ಅಳತೆ ಪುಸ್ತಕ ಹುಡುಕಿ ಕೊಡು ಅಂದರು ಕಾಜಾ ಅಕ್ಕ. ಕಪಾಟಿನ ಮೇಲಿನ ಅರೆಯಲ್ಲಿ ಕೈಗೆ ಸಿಕ್ಕಿದ್ದು ಹಳೆಯದು, ರಟ್ಟು ಕಿತ್ತುಹೋದದ್ದು. ಅದರ ಮೇಲೆ ಬೆರಳುದ್ದ ಧೂಳು, ವರ್ಷಗಳಿಂದ ಯಾರೂ ತೆಗೆದಿಲ್ಲ. ಮೊದಲ ಪುಟದಲ್ಲಿ, ಗಿರಾಕಿಯ ಹೆಸರು ಬರೆಯುವ ಜಾಗದಲ್ಲಿ, 'ಮನೆಯವರು' ಅಂತ ಮಾತ್ರ ಇದೆ. ಕೆಳಗೆ ಪೆನ್ಸಿಲಿನಲ್ಲಿ ಅಪ್ಪನ ಅಕ್ಷರ: ಉದ್ದ 40. ಭುಜ 14. ಎದೆ 36. ಸೊಂಟ 30. ಸೀಟು 38.

ಈಗ ಹಾಳೆ ತಿರುಗಿಸು ಅಮ್ಮ. ದಿನಾ ಅವೇ ಐದು, ಅದೇ ಕ್ರಮದಲ್ಲಿ, ಒಂದೊಂದು ಸೊನ್ನೆ ಸೇರಿಸಿ. ಬಚ್ಚಲ ಬಾಗಿಲಾಚೆಯಿಂದ ಏನಾದರೂ ಒಂದು ಅಂಕಿ ಕೂಗಬೇಕಾಗಿ ಬಂದಾಗ ಅಪ್ಪನ ಬಾಯಿಗೆ ಬಂದದ್ದು ನಿನ್ನ ಅಳತೆ.

ಹನ್ನೆರಡನೇ ಹಾಳೆ ಇವತ್ತಿನದು. ಒಂದೇ ಸಾಲು ತುಂಬಿದೆ: ನೂರ ಎಪ್ಪತ್ತು, ಅದಕ್ಕೂ ಒಂದು ಕೂದಲೆಳೆ ಮೇಲೆ. ಅದು ಯಾರ ಅಳತೆಯೂ ಅಲ್ಲ. ನಾನೇ ನೋಡಿ ಬರೆದದ್ದು. ಬಣ್ಣ: ಗುಲಾಬಿ.